ಎರಡನೇ ಚರಣಕ್ಕೆ ಮುಂಚೆ

ಒಂದಾನೊಂದು ಹಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕತಂಗಿಯರಿಬ್ಬರು ಕೂತಿದ್ದರು. ತಂಗಿ ಕಳಿಸಿದ್ದ ಹಾಡೊಂದನ್ನು ಪೂರ್ತಿ ಕೇಳುತ್ತೇನೆಂದು ಅಕ್ಕ ಮಾತು ಕೊಟ್ಟು ವಾರವಾಗಿತ್ತು. ಎದುರು ಕೂತ ಹುಡುಗಿ ಹಲ್ಲುನೋವು ಮರೆತು ಅವರ ಮಾತಿಗೆ ಕಿವಿಗೊಟ್ಟಳು.

“ಇಪ್ಪತ್ತು ವರ್ಷ ಬಿಡುಗಡೆಯಾಗದೆ ಕೊಳೀತಿದ್ದ ಡಾನ್ಸ್ ಹಾಡು, ಅಕ್ಕ. ಈಗ ಊರೆಲ್ಲ ಕುಣೀತಿದೆ.”

“ಆ ದೊಡ್ಡ ಗಾಯಕಿ ಹಾಡಿದ್ದಕ್ಕೆ ಕುಣೀತಾರೆ.”

“ಅವಳು ಕಲೀಲಿ ಅಂತ ಮೊದಲು ಹಾಡಿ ರೆಕಾರ್ಡ್ ಮಾಡಿಕೊಟ್ಟಿದ್ದು ನೀನು. ಆಮೇಲೆ ಅವಳು ಹಾಡಿದ್ದನ್ನ ಯಾರು ಕಂಡ್ರು? ನಂಗ್ಯಾಕೋ ಅನುಮಾನ.”

“ನಿಂಗೆ ಎಲ್ಲದಕ್ಕೂ ಅನುಮಾನ.”

“ಎರಡನೇ ಚರಣಕ್ಕೆ ಮುಂಚೆ ಕೇಳು.”

ಅಕ್ಕ ಇಯರ್‌ಫೋನ್ ಸಿಕ್ಕಿಸಿಕೊಂಡಳು. ತಾಳ ಹಾಕುತ್ತಿದ್ದ ಹೆಬ್ಬೆರಳು ಥಟ್ಟನೆ ನಿಂತಿತು.

“ಯಾರೋ ಸೊರ್ ಅಂತ ಮೂಗು ಎಳೆದ್ರು.”

“ಯಾರಕ್ಕ?”

“ಅವತ್ತು ಹಾಡಿಕೊಟ್ಟಾಗ ನಂಗೆ ನೆಗಡಿ ಇತ್ತು ಕಣೆ.”

ನರ್ಸ್ ಬಂದು ಅಕ್ಕನನ್ನು ಒಳಗೆ ಕರೆದಳು.

“ತಡೀರಿ ಸಿಸ್ಟರ್, ನಾನಿನ್ನೂ ಹಾಡ್ತಿದೀನಿ.”

ಹಾಡು ಪೂರ್ತಿ ಮುಗಿದ ಮೇಲೆಯೇ ಅಕ್ಕ ಎದ್ದು ಒಳಗೆ ಹೋದಳು.