ಹೆಬ್ಬುಲಿ ರಜೆ ಕೊಡಲ್ಲ

…ಕೊಡಲ್ಲ ಅಂದ್ಲು ಕಣೇ ನಮ್ಮ ಯಜಮಾನಿ! ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಲು! 'ನಾಳೆ ನನ್ನ ಹೆಂಡತಿ ರಿಪೋರ್ಟ್ ಬರುತ್ತೆ ಅಮ್ಮಾ, ಡಾಕ್ಟರ್ ಹತ್ರ ಜೊತೆಗೆ ಹೋಗ್ಬೇಕು, ಅರ್ಧ ದಿನ ಸಾಕು' ಅಂತ ಅಂಗಲಾಚಿದೆ. ಕಾಲು ಹಿಡಿಯೋದೊಂದು ಬಾಕಿ. ಆ ಹೆಬ್ಬುಲಿ ಏನಂದ್ಲು ಗೊತ್ತಾ? 'ರಿಪೋರ್ಟ್ ಓದೋಕೆ ಡಾಕ್ಟರಿಗೆ ಬರುತ್ತೆ ತಾನೆ? ನೀನು ಹೋಗಿ ಏನು, ಕಾಗುಣಿತ ತಿದ್ದುತ್ತೀಯಾ?' ಅಂದ್ಲು!

ಯಾಕೆ ನಗ್ತೀಯಾ? ನಗೋ ವಿಷಯಾನಾ ಇದು?

ಟೈಮಾ? ಎಷ್ಟು ಹೊತ್ತಿಗೆ ಕೇಳಿದೆ ಅಂತಾನಾ? ಮೂರೂವರೆ. ಸರಿಯಾಗಿ ಮೂರೂವರೆ. ಅವಳ ತಲೆ ಮೇಲೇ ಗಡಿಯಾರ ಇತ್ತು. ಕೌಂಟರ್ ಹಿಂದೆ ಕಾಲ ಮೇಲೆ ಕಾಲು ಹಾಕ್ಕೊಂಡು ಮಹಾರಾಣಿ ಥರ ಕೂತಿದ್ಲು. ನೀನೇನು ಪೊಲೀಸಾ, ಟೈಮು ಗೀಮು ಎಲ್ಲ ಕೇಳ್ತೀಯಾ!

ಅಯ್ಯೋ, ನಿಧಾನ, ನಿಧಾನ… ಎಡಗೈ ಎತ್ತಬೇಡ. ಆಪರೇಷನ್ ಆಗಿ ಮೂರು ವಾರ ಆಯ್ತು ಅಂತ ಶೌರ್ಯ ತೋರಿಸಬೇಡ, ಹೊಲಿಗೆ ಎಳೆಯುತ್ತೆ. ಕೂತ್ಕೋ. ತಟ್ಟೆ ನಾನು ಎತ್ತಿಡ್ತೀನಿ.

ನಿಂಗೆ ನಂಬಿಕೆ ಇಲ್ಲ ಅಲ್ವಾ? ನಮ್ಮ ಅಂಗಡೀಲಿ ಕನ್ನಡಕದ ಗಾಜು ತಿಕ್ಕೋನನ್ನ ಕೇಳು ಬೇಕಾದ್ರೆ. ಆವತ್ತೇ ಹೇಳಿದ್ನಲ್ಲ, ಅವನ ಅಜ್ಜಿ ತೀರಿಕೊಂಡಾಗ ರಜೆ ಕೇಳೋಕೆ ಹೋದ. 'ಎಷ್ಟು ಗಂಟೆಗೆ ಹೋದ್ರು?' ಅಂದ್ಲಂತೆ. 'ಸಂಜೆ ಏಳಕ್ಕೆ' ಅಂದ. 'ಅಂಗಡಿ ಮುಚ್ಚಿದ ಮೇಲೆ ತಾನೆ ಹೋಗಿರೋದು? ಎಂಥ ತಿಳುವಳಿಕೆ ಇರೋ ಅಜ್ಜಿ! ನೀನು ಯಾಕಪ್ಪಾ ಕೆಲಸದ ಹೊತ್ತಲ್ಲಿ ಅಳ್ತೀಯಾ?' ಅಂದ್ಲಂತೆ! ಇನ್ನು ನೀನು ಯಾವ ಲೆಕ್ಕ? ನಿನ್ನ ಆಪರೇಷನ್ ದಿನವೇ ಕೊಡಲಿಲ್ಲ. ಪಾಪ, ನಿನ್ನ ತಂಗಿ ಬಂದು ನಾಲ್ಕು ದಿನ ಆಸ್ಪತ್ರೇಲಿ ಕೂತ್ಲು. ನಾನು ಸಂಜೆ ಅಂಗಡಿ ಬಾಗಿಲು ಹಾಕಿದ ಕೂಡಲೇ ಏದುಸಿರು ಬಿಟ್ಕೊಂಡು ಓಡಿ ಬರ್ತಿದ್ನಲ್ಲ… ನೆನಪಿದೆ ತಾನೆ?

ಹಲಗೆನಾ? ಯಾವ ಹಲಗೆ?

…ಬಾಗಿಲ ಹತ್ರ ಇರೋದಾ? ನಮ್ಮ ಅಂಗಡೀಲಿ ಹಲಗೆ ಇರೋದು ನಿಂಗೆ ಹೇಗೆ ಗೊತ್ತು? ನಾನೇ ಹೇಳಿದ್ನಾ? ಹೇಳಿರಬೇಕು. ಅದು… ಲೇಟಾಗಿ ಬಂದವರ ಹೆಸರು ಬರೆಯೋ ಹಲಗೆ ಕಣೇ. ಮಾನ ಕಳೆಯೋಕೆ ಅಂತಲೇ ತೂಗು ಹಾಕಿದ್ದಾಳೆ. ಮತ್ತೆ ನಗು! ಇವತ್ತು ಏನಾಗಿದೆ ನಿಂಗೆ? ಯಾವ ಮಾತ್ರೆ ತಗೊಂಡೆ?

ಅದಿರಲಿ, ಇದೇನು, ಎರಡು ಕಪ್ಪು? ಅದೂ ಷೋಕೇಸಿನ ಒಳ್ಳೆ ಕಪ್ಪು! ನಂಗೆ ಇಷ್ಟು ವರ್ಷದಲ್ಲಿ ಒಂದು ದಿನ ಇದರಲ್ಲಿ ಟೀ ಕೊಟ್ಟಿಲ್ಲ ನೀನು. ಮೇಲಿನ ಮನೆ ಅತ್ತೆ ಬಂದಿದ್ರಾ?… ಅಲ್ವಾ? ಮತ್ಯಾರು?

ಹೇಳಬೇಡ ಬಿಡು. ನಂಗೇನು.

…ತಡಿ. ಈ ಕಡೆ ತಿರುಗು. ಕನ್ನಡಕ ಹೊಸದಾ? ಹಳೇದೇನಾ? ಮತ್ತೆ ದಾರ ಎಲ್ಲಿ? ಕಡ್ಡಿಗೆ ಆರು ತಿಂಗಳಿಂದ ದಾರ ಸುತ್ತಿಕೊಂಡು ಓಡಾಡ್ತಿದ್ಯಲ್ಲ. ಕನ್ನಡಕದಂಗಡಿಯವನ ಹೆಂಡತಿ ಕನ್ನಡಕಕ್ಕೆ ದಾರ, ದೀಪದ ಬುಡದಲ್ಲೇ ಕತ್ತಲೆ ಅಂತ ಅತ್ತೆ ಆಡಿಕೊಳ್ತಿದ್ರಲ್ಲ… ತೆಗಿ, ತೋರ್ಸು ಇಲ್ಲಿ.

ಸ್ಕ್ರೂ ಹಾಕಿದ್ದಾರೆ. ಹೂಂ. ಚೆನ್ನಾಗೇ ಕೂರಿಸಿದ್ದಾರೆ. ಕಡ್ಡಿ ಅಲ್ಲಾಡ್ತಿಲ್ಲ. ಕಿವಿ ಹತ್ರ ಬಗ್ಗಿಸಿರೋದೂ… ಕೆಲಸ ಗೊತ್ತಿರೋರೇ ಮಾಡಿದ್ದಾರೆ… ಸ್ಕ್ರೂ ತಲೆ ಮೇಲೆ ಒಂದು ಹನಿ ಉಗುರುಬಣ್ಣ. ಸಡಿಲ ಆಗದಿರಲಿ ಅಂತ.

…

ಸ್ಕ್ರೂ ಮೇಲೆ ಉಗುರುಬಣ್ಣ ಇಡೋರು ಈ ಊರಲ್ಲಿ ಒಬ್ಬರೇ ಇರೋದು, ನಮ್ಮ ಯಜಮಾನಿ.

ಬಂದಿದ್ರಾ?

ಎಷ್ಟು ಹೊತ್ತಿಗೆ…? ಬೇಡ, ಹೇಳಬೇಡ. ಮೂರೂವರೆಗೆ. ಥೂ ನನ್ನ! ಮಧ್ಯಾಹ್ನ 'ಸ್ವಲ್ಪ ಕೆಲಸ ಇದೆ, ಹೋಗಿ ಬರ್ತೀನಿ' ಅಂತ ರಿಪೇರಿ ಸಾಮಾನಿನ ಚೀಲ ಹಿಡ್ಕೊಂಡು ಹೊರಟ್ರು. ನಮ್ಮ ಮನೆಗೇ ಬರ್ತಾರೆ ಅಂತ ನಾನೇನು ಕನಸು ಕಂಡಿದ್ನಾ! ಗಡಿಯಾರ ಬೇರೆ ಅವರ ತಲೆ ಮೇಲೆ ನೇತು ಹಾಕಿದ್ನಲ್ಲ ನಾನು… ನೀನಾದ್ರೂ ತಡೀಬಾರದಾ? ಗಂಡ ಹಳ್ಳಕ್ಕೆ ಬೀಳ್ತಿದ್ರೆ 'ಇನ್ನೂ ಸ್ವಲ್ಪ ಮುಂದೆ ಬಾ' ಅಂತ ಟೈಮ್ ಕೇಳ್ತೀಯಾ!

ಹೆಬ್ಬುಲಿ ಅಂತೀನಿ ಅನ್ನೋದನ್ನೂ ಹೇಳಿಬಿಟ್ಯಾ? ಅಯ್ಯಯ್ಯೋ. ಏನಂದ್ರು? ನಕ್ರಾ? …ಗರ್ಜನೆ ಮಾಡಿ ತೋರಿಸಿದ್ರಾ! ಇಲ್ಲೇ, ಈ ಕುರ್ಚೀಲಿ ಕೂತ್ಕೊಂಡಾ! ಅಜ್ಜಿ ಕಥೇನೂ ಹೇಳಿದ್ಯಾ? …ಗಾಜು ತಿಕ್ಕೋನ ಅಜ್ಜಿ ಇನ್ನೂ ಬದುಕಿದ್ದಾರೆ ಅಂದ್ರಾ? ಹೌದು. ಇದ್ದಾರೆ. ಗಟ್ಟಿಮುಟ್ಟಾಗಿದ್ದಾರೆ.

ಸರಿ, ಈಗ ನಗು. ನಗಬಾರದಾಗ ನಕ್ಕೆಯಲ್ಲ. ಬೈಯಿ. ತಟ್ಟೆ ಎಸಿ, ಬಲಗೈಯಲ್ಲಿ ಎಸಿ… ಹಾಗೆ ನೋಡಬೇಡ ಕಣೇ.

ಅವರು ಹೆಬ್ಬುಲಿ ಅಲ್ಲ. ಹಸು ಅಂದ್ರೂ ತಪ್ಪೇ, ಹಸು ಒದೆಯುತ್ತೆ. ಆ ಹಲಗೆ ಇದೆಯಲ್ಲ, ರಜೆ ಬೇಕಾದವರು ಅದರ ಮೇಲೆ ಹೆಸರು ಬರೆದು ಹೋಗೋದು. ಅಷ್ಟೇ. ಕಾರಣ ಕೇಳಲ್ಲ. ಗಾಜು ತಿಕ್ಕೋನು ಅವನ ಗಿಣಿ ಊಟ ಬಿಟ್ಟಿದೆ ಅಂತ ಎರಡು ದಿನ ಮನೇಲಿ ಕೂತ. ಮೂರನೇ ದಿನ ಬಂದ್ರೆ 'ಈಗ ತಿಂತಿದೆಯಾ?' ಅಂತ ಕೇಳಿದ್ರೇ ಹೊರತು ಒಂದು ಮಾತು ಆಡಲಿಲ್ಲ. ನಿನ್ನ ಆಪರೇಷನ್ ಅಂದಾಗ ನನ್ನ ಹೆಸರು ಅವರೇ ಬರೆದ್ರು. ಎಷ್ಟು ದಿನ ಅಂತ ಬರೀಲೇ ಇಲ್ಲ. ನಾನೇ ಐದನೇ ದಿನ ಹೋಗಿ ಅಳಿಸಿದೆ.

ಇಂಥ ಕಡೆ ಕೆಲಸ ಮಾಡೋನಿಗೆ ನೆಪ ಎಲ್ಲಿಂದ ಬರಬೇಕು ಹೇಳು! ಯಜಮಾನಿ ಕೆಟ್ಟವಳಾಗಿದ್ರೆ ನಾನು ಒಳ್ಳೆ ಗಂಡ ಆಗಿರ್ತಿದ್ದೆ. ಇಲ್ವಲ್ಲ. ಅದಕ್ಕೇ ಒಬ್ಬಳನ್ನ ಹುಟ್ಟಿಸಿಕೊಂಡೆ.

ಆ ನಾಲ್ಕು ದಿನ ಎಲ್ಲಿದ್ದೆ ಅಂತ ಕೇಳು. ಕೇಳೇ… ನೀನು ಕೇಳಲ್ಲ, ನಾನೇ ಹೇಳಬೇಕು ಅಲ್ವಾ?

ಎಲ್ಲೂ ಹೋಗಿರಲಿಲ್ಲ. ಯಾವಳ ಮನೆಗೂ ಹೋಗಿರಲಿಲ್ಲ, ಆಣೆ ಮಾಡ್ತೀನಿ. ನಿನ್ನ ವಾರ್ಡಿನ ಕೆಳಗೇ ಇದ್ದೆ. ಆಸ್ಪತ್ರೆ ಕ್ಯಾಂಟೀನಲ್ಲಿ. ನಾಲ್ಕು ದಿನ ಬೆಳಿಗ್ಗೆಯಿಂದ ಸಂಜೆತನಕ ಬನ್ನು, ಟೀ, ಬನ್ನು, ಟೀ. ಎರಡನೇ ದಿನಕ್ಕೆ ಕ್ಯಾಂಟೀನಿನವನು ನನ್ನ ಹತ್ರಾನೇ ಗಿರಾಕಿಗಳಿಗೆ ಚಿಲ್ಲರೆ ಕೊಡಿಸೋಕೆ ಶುರು ಮಾಡಿದ. ನಿನ್ನ ತಂಗಿ ಬಿಸಿನೀರಿಗೆ ಬಂದಾಗ ಪೇಪರ್ ಅಡ್ಡ ಹಿಡ್ಕೊಂಡೆ, ತಲೆಕೆಳಗಾಗಿ. ಅವಳು ನೋಡಲಿಲ್ಲ. ಅವಳ ಕಣ್ಣು ಕೆಂಪಗಿತ್ತು… ಅವಳ ಕಣ್ಣು ಯಾಕೆ ಕೆಂಪಗಿದೆ ಅಂತ ಎದ್ದು ಹೋಗಿ ಕೇಳೋಕೂ ಆಗಲಿಲ್ಲ ನಂಗೆ. ಸಂಜೆ ಆದ್ಮೇಲೆ ಮುಖ ತೊಳ್ಕೊಂಡು, ಅಂಗಡಿಯಿಂದ ಓಡಿ ಬಂದವನ ಹಾಗೆ ಮೆಟ್ಟಿಲಲ್ಲಿ ಏದುಸಿರು ಬರಿಸ್ಕೊಂಡು ನಿನ್ನ ಹತ್ರ ಬರ್ತಿದ್ದೆ.

ಆಪರೇಷನ್ ದಿನ ಮೇಲೆ ಬಂದಿದ್ದೆ. ಆ ದೊಡ್ಡ ಬಾಗಿಲಿನ ತನಕ. ಒಳಗಿಂದ ಒಬ್ಬರು ನರ್ಸು ಬಂದು 'ಇವರ ಕಡೆಯವರು ಯಾರು?' ಅಂದ್ರು. ಬೇರೆ ಯಾರನ್ನೋ ಕೇಳಿದ್ದು, ನಿನ್ನ ವಿಷಯ ಅಲ್ಲ. ಒಬ್ಬ ಮುದುಕಪ್ಪ 'ನಾನು' ಅಂತ ಎದ್ದು ನಿಂತ. ನರ್ಸು ಅವನ ಕೈ ಹಿಡ್ಕೊಂಡು ಮೂಲೆಗೆ ಕರ್ಕೊಂಡು ಹೋದ್ರು. ಅಷ್ಟೇ ನಾನು ನೋಡಿದ್ದು. ಆಮೇಲೆ ನನ್ನ ಕಾಲು ತಾವೇ ಮೆಟ್ಟಿಲಿಳಿದವು.

'ನಾನು' ಅನ್ನಬೇಕು, ಅಷ್ಟೇ ಕೆಲಸ. ಅಷ್ಟೂ ಆಗಲಿಲ್ಲ. ಭಯ ಕಣೇ… ನೀನು ಹೋಗಿಬಿಟ್ರೆ ಅನ್ನೋ ಭಯ. ಆ ಮಾತು ನನ್ನ ಕಿವಿಗೇ ಮೊದಲು ಬೀಳುತ್ತೆ ಅನ್ನೋ ಭಯ. ನೀನು ಒಳಗೆ ಒಬ್ಬಳೇ ಮಲಗಿದ್ದೆ, ನಂಗೆ ಹೊರಗೆ ಕೂರೋಕೆ ಆಗಲಿಲ್ಲ.

ನಾಳೆ ಬರ್ತೀನಿ. ಏನೇ ಆಗಲಿ ಬರ್ತೀನಿ, ಇನ್ನು ನೆಪ…

ಏನಿದು? ಬೀಗದ ಕೈ. ಅಂಗಡಿದು. ಇದು ಯಾಕೆ ಕೊಟ್ಟು ಹೋದ್ರು?

…ಅವರು ಬರ್ತಾರಾ ನಿನ್ನ ಜೊತೆ? ಅವರು ರಜೆ ಹಾಕಿ? ನಾನು ಸೇರಿದ ದಿನದಿಂದ ಆ ಹಲಗೆ ಮೇಲೆ ತಮ್ಮ ಹೆಸರು ಬರೆದವರೇ ಅಲ್ಲ ಅವರು! ಅಂದ್ರೆ ಬೆಳಿಗ್ಗೆ ಬಾಗಿಲು ತೆಗೆಯೋನು ನಾನು. ಅಂದ್ರೆ ನಾಳೆ ನಂಗೆ ರಜೆ ಇಲ್ಲ. ನಿಜವಾಗ್ಲೂ ಇಲ್ಲ!

ಫೋನ್ ಕೊಡು. ಈಗಲೇ ಕೇಳ್ತೀನಿ. ಕೊಡ್ತಾರೆ, ಅವರು ಯಾವತ್ತು ಇಲ್ಲ ಅಂದಿದ್ದಾರೆ… ಕೊಡೇ. ಯಾಕೆ ಕೈಯಲ್ಲೇ ಹಿಡ್ಕೊಂಡಿದ್ದೀಯಾ?

…ಓ.

ಅವರನ್ನಲ್ಲ ನಾನು ಕೇಳಬೇಕಾದ್ದು.

ನಾಳೆ ನಿನ್ನ ಜೊತೆ ನಾನು ಬರ್ಲಾ? ಒಳಗೆ ಕರೆದಾಗ ನಾನು ಎದ್ದು ನಿಲ್ಲಲಾ?

ಹೇಳೇ… ಬೇಡ ಅಂತಾದ್ರೂ ಹೇಳು.