ಮುಷ್ಟಿ ತೂರಿದ ಮಂಚ

ದೀಪ ಸಣ್ಣದು ಮಾಡಿದರೆ ಸಾಕು. ಪೂರ್ತಿ ಆರಿಸಬೇಡಿ.

ಇದು ನನ್ನ ಚಿಕ್ಕಪ್ಪನ ಮಗನಿಗೆ ಆದದ್ದು. ಕೊನೆಯ ಭಾಗ ನಾನೇ ಕಂಡದ್ದು. ನಂಬದವರು ಎದ್ದು ಹೋಗಿ ಮಲಗಬಹುದು.

ಅವನು ದರ್ಜಿ. ಆವತ್ತು ರಾತ್ರಿ ಮಗಳಿಗೆಂದು ಕೊಂಡ ಮಂಚವನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಮನೆಗೆ ಹೊರಟಿದ್ದ. ಒಬ್ಬನೇ. ಗಾಡಿಯ ಒಂದು ಚಕ್ರಕ್ಕೆ ಎಣ್ಣೆ ಇಲ್ಲ. ಕಿರಕ್… ಕಿರಕ್… ಬೀದಿಯಲ್ಲಿ ಬೇರೆ ಸದ್ದಿಲ್ಲ. ತಡವಾದದ್ದು ಬಣ್ಣದಿಂದ. ಈಗ ಒಣಗುತ್ತೆ, ಇನ್ನೇನು ಒಣಗುತ್ತೆ ಎಂದು ಅಂಗಡಿಯವನು ಕೂರಿಸಿಕೊಂಡಿದ್ದ. ಕೊನೆಗೂ ಒಣಗಲಿಲ್ಲ.

ಮಂಚದ ವಿಷಯಕ್ಕೆ ಮನೆಯಲ್ಲಿ ವಾರವಿಡೀ ಜಗಳ ನಡೆದಿತ್ತು. ಮಗಳಿಗೆ ಮೂರು ತುಂಬುತ್ತಾ ಬಂದಿತ್ತು. ಮೊದಲ ಸಲ ಬೇರೆ ಕೋಣೆ. ಹೆಂಡತಿಗೆ ತಗ್ಗಿನ ಮಂಚ ಬೇಕು, ಉರುಳಿ ಬಿದ್ದರೂ ನೆಲ ಹತ್ತಿರ. ಇವನಿಗೆ ಸುತ್ತಲೂ ಮರದ ಕಂಬಿ ಇರುವುದೇ ಬೇಕು. ಮಗು ಮಲಗಿದರೆ ಗಡಿಯಾರದ ಮುಳ್ಳು, ರಾತ್ರಿ ತಲೆ ಇದ್ದ ಕಡೆ ಬೆಳಿಗ್ಗೆ ಕಾಲು. ಕಡೆಗೆ ಇವನ ಮಾತೇ ನಡೆಯಿತು. ಹೊರಡುವಾಗ ಹೆಂಡತಿ ಅಂದದ್ದು ಇಷ್ಟೇ:

"ಊರವರ ಕತ್ತಿನ ಅಳತೆಯೆಲ್ಲ ನಿಮಗೆ ಬಾಯಿಪಾಠ. ಮಗಳದ್ದೂ ನೆನಪಿರಲಿ."

ಅಳತೆಯ ಟೇಪು ಅವನ ಕೊರಳಲ್ಲೇ ಇತ್ತು. ಅಂಗಡಿಯಲ್ಲಿ ಅದನ್ನು ತೆಗೆಯಲಿಲ್ಲ. ಅಂಗಡಿಯವನ ಮಾತು ಹಾಗಿತ್ತು. ಅವನನ್ನು ಎಲ್ಲರೂ ಪಾಲಿಶ್ ಎಂದೇ ಕರೆಯುತ್ತಿದ್ದರು. ಮರಕ್ಕೆ ಒಂದು ಸಲ ಬಳಿದರೆ ಮಾತಿಗೆ ಎರಡು ಸಲ ಬಳಿಯುವವನು. ಹೊಸ ಮಾಲು, ನಿಮಗೆಂದೇ ಎತ್ತಿಟ್ಟಿದ್ದೆ ಎಂದನಂತೆ.

ದಾರಿಯಲ್ಲಿ ಒಂದು ಬಾವಿ. ಹತ್ತಿರ ಬಂದಾಗ ಒಳಗೆ ಕೊಡ ಮುಳುಗುವ ಸದ್ದು. ಬುಳುಕ್… ಬುಳುಕ್… ಕಟ್ಟೆಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಕೊಡ ಕಾಣಲಿಲ್ಲ.

"ಮಂಚ ಯಾರಿಗಣ್ಣ?" ಪಿಸುಮಾತು.

"ಮಗಳಿಗೆ."

ಅವಳು ಎದ್ದು ಬಂದು ಎರಡು ಕಂಬಿಗಳ ನಡುವೆ ಮುಷ್ಟಿ ತೂರಿಸಿದಳು. ಸಲೀಸಾಗಿ ಹೋಯಿತು. ಬಣ್ಣ ಹಸಿ, ಅಂಟುತ್ತದೆ ಎಂದು ಇವನು ಹೇಳಿದ. ಇವನ ಅಂಗೈಯೆಲ್ಲ ಆಗಲೇ ನೀಲಿ. ಅವಳ ಕೈಗೆ ಅಂಟಲಿಲ್ಲ.

"ತೂರುತ್ತೆ," ಅಂದಳು. "ತೂರಬಾರದು. ವಾಪಸ್ ಕೊಡಣ್ಣ."

ಅಂಗಡಿ ಮುಚ್ಚಿದ್ದಾನೆ, ನಾಳೆ ನೋಡೋಣ ಎಂದ.

"ನಾಳೆ… ನಾನೂ ಹಾಗೇ ಅಂದ್ಕೊಂಡಿದ್ದೆ."

ಇವನು ಗಾಡಿ ತಳ್ಳಿದ. ತಿರುಗಿ ನೋಡಲಿಲ್ಲ. ಆದರೆ ಅಲ್ಲಿಂದ ಮನೆಯವರೆಗೆ ಗಾಡಿ ಭಾರವಾಗಿತ್ತಂತೆ… ಮೇಲೆ ಯಾರೋ ಕೂತ ಹಾಗೆ.

ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಹೆಂಡತಿ ಗೆದ್ದ ಹಾಗೆ. ಮಗು ಹೊಸ ಮಂಚದಲ್ಲೇ ಮಲಗುತ್ತೇನೆಂದು ಹಟ ಹಿಡಿಯಿತು. ಕೈಕಾಲಿಗೆ ನೀಲಿ ಹತ್ತಿದರೂ ಲೆಕ್ಕಕ್ಕಿಲ್ಲ. ಮಲಗಿಸಿದರು.

ನಡುರಾತ್ರಿ ಆ ಕೋಣೆಯಿಂದ ಸದ್ದು. ಟಕ್… ಸ್ವಲ್ಪ ಬಿಟ್ಟು, ಟಕ್… ಹೆಂಗಸರು ಶಾಪ ಹಾಕುವಾಗ ನೆಟಿಕೆ ಮುರಿಯುತ್ತಾರಲ್ಲ, ಹಾಗೆ.

ಇಬ್ಬರೂ ಓಡಿದರು. ಮಗು ನೆಲದ ಮೇಲೆ, ಹಾಸಿಗೆ ಸಮೇತ. ಹೊದಿಕೆಯನ್ನು ಎದೆಯವರೆಗೆ ಎಳೆದು ಅಂಚನ್ನು ಯಾರೋ ಒಳಕ್ಕೆ ಮಡಚಿದ್ದರು. ಮಂಚದಲ್ಲಿ ಕಂಬಿ ಒಂದೂ ಇರಲಿಲ್ಲ. ಕೋಣೆಯಲ್ಲೂ ಇರಲಿಲ್ಲ.

"ಯಾರು ಪುಟ್ಟೀ ಇಳಿಸಿದ್ದು?"

"ಆ ಅಮ್ಮ." ಮಗು ಅರೆನಿದ್ದೆಯಲ್ಲಿ ಬಾಗಿಲ ಕಡೆ ಕೈ ತೋರಿಸಿತು. "ಅವರಿಗೆ ಇನ್ನೂ ಕೆಲಸ ಇದೆಯಂತೆ."

ಇನ್ನು ನಾನು ಕಂಡದ್ದು.

ಪಾಲಿಶ್‌ನದು ನನ್ನ ಎದುರು ಮನೆ. ಕೆಳಗೆ ಅಂಗಡಿ, ಮೇಲೆ ವಾಸ. ಅವನ ಹೆಂಡತಿ ತವರಿಗೆ ಹೋಗಿದ್ದಳು. ಅದೇ ರಾತ್ರಿ ಅಲ್ಲಿ ಸುತ್ತಿಗೆ ಸದ್ದು. ಠಣ್… ಠಣ್… ಮರಕ್ಕೆ ಬಿದ್ದ ಪೆಟ್ಟಲ್ಲ, ಮೊಳೆಯ ತಲೆಗೆ ಬಿದ್ದ ಪೆಟ್ಟು. ಕಿಟಕಿಯಿಂದ ಬೈದೆ. ನಿಂತಿತು. ಮತ್ತೆ ಶುರುವಾಯಿತು, ಮೆಲ್ಲಗೆ… ಮಗು ಮಲಗಿರುವ ಮನೆಯಲ್ಲಿ ಹೊಡೆದ ಹಾಗೆ.

ಬೆಳಿಗ್ಗೆ ಚಿಕ್ಕಪ್ಪನ ಮಗ ಬೋಳು ಮಂಚವನ್ನು ಗಾಡಿಯಲ್ಲಿ ಹಾಕಿಕೊಂಡು ಬಂದ. ನಡೆದದ್ದೆಲ್ಲ ಹೇಳಿದ. ಕಂಬಿ ಕಿತ್ತ ಕಡೆ ನೀಲಿಯ ಕೆಳಗೆ ಹಳದಿ ಕಾಣುತ್ತಿತ್ತು. ಆ ಹಳದಿ ನನಗೆ ಗೊತ್ತು.

ಹಿಂದಿನ ವರ್ಷ ನಮ್ಮ ಹಿಂದಿನ ಬೀದಿಯ ಕೂಸೊಂದು ಹಳದಿ ಮಂಚದ ಕಂಬಿಗಳ ನಡುವೆ ತಲೆ ಸಿಕ್ಕಿ ಸತ್ತಿತ್ತು. ಪಾಲಿಶ್ ಪ್ರತಿ ಮಂಚಕ್ಕೂ ಒಂದೆರಡು ಕಂಬಿ ಕಡಿಮೆ ಹಾಕಿ ಉಳಿಸುವವನು. ಕೂಸಿನ ತಾಯಿ ಅಂಗಡಿಗೆ ಬಂದು, ಅಲ್ಲಿದ್ದ ಮಂಚಗಳಿಗೆಲ್ಲ ಮುಷ್ಟಿ ತೂರಿಸಿ ತೋರಿಸಿದಳು. ಪಾಲಿಶ್ ನಗುತ್ತಲೇ ಹೇಳಿದ:

"ನೋಡಮ್ಮ, ಮಂಚ ಮಗು ಕಾಯಲ್ಲ. ತಾಯಿಯಾದವಳು ರಾತ್ರಿಯೆಲ್ಲ ಪಕ್ಕದಲ್ಲಿ ಕೂತು ನೋಡ್ಕೋಬೇಕು."

ಆಮೇಲೆ ಆ ಮಂಚವನ್ನು ಉಪಕಾರ ಮಾಡುವವನ ಹಾಗೆ ತಾನೇ ಅವಳ ಮನೆಯಿಂದ ಅಂಗಡಿಗೆ ಹೊತ್ತು ತಂದ. ಮಳೆಗಾಲ ಮುಗಿಯುವುದರೊಳಗೆ ಅವಳೂ ಹೋದಳು. ಹೇಗೆಂದು ಕೇಳಬೇಡಿ. ಅದಾದ ಮೇಲೆ ದಾರಿಯ ಆ ಬಾವಿಗೆ ಕಬ್ಬಿಣದ ಜಾಲರಿ ಬೆಸೆದು ಮುಚ್ಚಿದರು. ಕೊಡವಿರಲಿ, ಚೊಂಬೂ ಇಳಿಯುವುದಿಲ್ಲ.

ಪಾಲಿಶ್ ಬಾಗಿಲು ತೆಗೆಯಲಿಲ್ಲ. ಒಳಗಿನಿಂದ ಚಿಲಕ. ಒಡೆದೆವು.

ಅವನ ಮಂಚದ ಸುತ್ತ ಕಂಬಿಗಳು ಎದ್ದಿದ್ದವು. ಹೆಚ್ಚಿನವು ಬಣ್ಣ ಕಾಣದವು, ಅವನು ಉಳಿಸಿ ಉಳಿಸಿ ಅಟ್ಟದಲ್ಲಿ ಪೇರಿಸಿಟ್ಟಿದ್ದವು. ಬೆರಳು ತೂರದಷ್ಟು ಒತ್ತಾಗಿ ನಿಂತಿದ್ದವು. ತಲೆಯ ಕಡೆ ನೀಲಿ ಕಂಬಿಗಳು. ಅಲ್ಲಿ ಒಂದು ಸಂದು. ಆ ಸಂದಿನಲ್ಲಿ ಅವನ ಕತ್ತು.

ಎಳೆದೆವು. ಅಲುಗಲಿಲ್ಲ. ಗರಗಸ ತಂದು ಕಂಬಿಯನ್ನು ನಾನೇ ಕೊಯ್ದೆ. ಇನ್ನೂ ಜೀವ ಇತ್ತು. ಕಣ್ಣು ಪಕ್ಕದ ಕುರ್ಚಿಯ ಮೇಲೇ ನೆಟ್ಟಿತ್ತು. ಖಾಲಿ ಕುರ್ಚಿ. ಕೂರುವ ಜಾಗ ಒದ್ದೆ.

"ಬಿಡಿಸ್ಲಿಲ್ಲ…" ಗಂಟಲಲ್ಲಿ ಬರೀ ಗಾಳಿ. "ರಾತ್ರಿಯೆಲ್ಲ ಪಕ್ಕದಲ್ಲೇ ಕೂತಿದ್ಲು… ನೋಡ್ಕೊಂಡು."

ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು.

ಚಿಕ್ಕಪ್ಪನ ಮಗ ಆ ಮಂಚವನ್ನು ಸುಟ್ಟ. ಮಗಳು ನೆಲದ ಮೇಲೆ ಮಲಗಿಯೇ ಬೆಳೆದಳು.

ಈ ವಯಸ್ಸಿನಲ್ಲಿ ಸುಳ್ಳು ಹೇಳಿ ನನಗೆ ಆಗಬೇಕಾದದ್ದೇನಿಲ್ಲ. ಸುತ್ತಿಗೆಯ ಸದ್ದನ್ನು ಬೀದಿಯವರೆಲ್ಲ ಕೇಳಿದ್ದಾರೆ. ಹೆಣ ಎತ್ತಿದ ಮೇಲೆ ಉಳಿದ ಕಂಬಿಗಳನ್ನು ತೆಗೆದವನು ನಾನೇ. ಮುಟ್ಟಿದರೆ ಸಾಕು, ಬಿದ್ದವು. ಒಂದೊಂದನ್ನೂ ತಿರುಗಿಸಿ ನೋಡಿದ್ದೇನೆ.

ಮೊಳೆ ಇರಲಿಲ್ಲ. ಮೊಳೆಯ ತೂತೂ ಇರಲಿಲ್ಲ.