ಸಿಸ್ಟರ್ ಬೀಳ್ಕೊಡುಗೆ ಮತ್ತು ನನ್ನ ಹೆಂಡತಿಯ ಹಲ್ಲು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಡಾಕ್ಟರ್ ಸಾಹೇಬರೇ, ಜೇವರ್ಗಿಗೆ ವರ್ಗವಾಗಿ ಹೊರಟಿರುವ ನರ್ಸ್ ಸರ್ವರಬೇಗಂ ಅವರೇ, ಚಹಾ ಇನ್ನೂ ಬರಲಿಲ್ಲವೆಂದು ಬಾಗಿಲ ಕಡೆ ನೋಡುತ್ತಿರುವ ಸಭಿಕ ಬಂಧುಗಳೇ,

ತೊಗರಿ ಅಡತಿ ಅಂಗಡಿಯ ಈ ಚಂದ್ರಾಮಪ್ಪನಿಗೆ ದವಾಖಾನೆಯ ಸಮಾರಂಭದಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ನಾನು ದವಾಖಾನೆ ಸಮಿತಿಯ ಸದಸ್ಯ, ಮಾತಾಡಲೇಬೇಕು. ಸಿಸ್ಟರ್ ಅವರ ಗುಣಗಳು ಯಾವುವು? ಸೇವೆ, ತಾಳ್ಮೆ, ಶಿಸ್ತು. ಇವು ಪ್ರತಿ ಬೀಳ್ಕೊಡುಗೆಯಲ್ಲೂ ಪ್ರತಿಯೊಬ್ಬರಿಗೂ ಇರುತ್ತವೆ. ಇವರಲ್ಲಿ ಇನ್ನೊಂದು ಗುಣ ಇದೆ. ಇವರು ರೋಗಿಯ ಹತ್ತಿರ ಕೂತು ಮಾತಾಡುತ್ತಾರೆ.

ಹೋದ ವರ್ಷ, ಎಂಬತ್ತಾರರ ದೀಪಾವಳಿ ಮುಂದೆ, ನನ್ನ ಹೆಂಡತಿ ಗುರುಬಾಯಿಗೆ ಸೊಲ್ಲಾಪುರದಲ್ಲಿ ಹಲ್ಲಿನ ಆಪರೇಶನ್ ಆಯಿತು. ಇದು ಆಳಂದಕ್ಕೆಲ್ಲ ಗೊತ್ತು. ಯಾಕೆ ಗೊತ್ತು? ನಾನೇ ಹೇಳಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಹೇಳಿದೆ, ಅಂಗಡಿಯಲ್ಲಿ ಹೇಳಿದೆ, ಮಠದಲ್ಲಿ ಹೇಳಿದೆ. ಒಂದು ಹಲ್ಲಿಗೆ ಇಪ್ಪತ್ತೊಂದು ದಿನ ಮಲಗಿಸುತ್ತಾರೆಯೇ ಎಂದು ಯಾರೂ ಕೇಳಲಿಲ್ಲ. ನಮ್ಮೂರಿನವರ ದೊಡ್ಡತನ ಅದು.

ಆದರೆ ನೋಡಲು ಬಂದಿರಿ. ಲವಂಗ ತಂದಿರಿ, ಬೇವಿನ ಕಡ್ಡಿ ತಂದಿರಿ. ನಮ್ಮ ಬೀಗತಿ ಸುಂದರಬಾಯಿ ಬ್ಯಾಟರಿ ಬೆಳಕು ಹಾಕಿ ಹಲ್ಲು ಎರಡು ಸಲ ಎಣಿಸಿ, "ಅಯ್ಯ, ಮೂವತ್ತೆರಡೂ ಅದಾವಲ್ರಿ!" ಎಂದರು. "ಹೊಸಾದ್ ಹಾಕ್ಯಾರ್ರಿ" ಎಂದೆ. ಮರುದಿನದಿಂದ ಹೊಸ ಹಲ್ಲು ನೋಡಲು ಕಡಗಂಚಿಯಿಂದಲೂ ಜನ ಬಂದರು! ಗುರುಬಾಯಿ ಎತ್ತಲಾರದ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಬಂದವರಿಗೆಲ್ಲ ಬಾಯಿ ತೆರೆದಳು. ಎಂಟು ತಿಂಗಳು ತೆರೆದಳು.

ಪಟ್ಟಿ ಬದಲಿಸಲು ಸಿಸ್ಟರ್ ಮನೆಗೆ ಬರುತ್ತಿದ್ದರು. ಪಟ್ಟಿಗೆ ಹತ್ತು ನಿಮಿಷ, ಆಮೇಲೆ ಒಂದು ತಾಸು ಮಾತು. ಗಾಯ ಒಣಗಿದ ಮೇಲೂ ಬಂದರು. ಒಳಗಿನಿಂದ ಅಳು ಕೇಳುತ್ತಿತ್ತು, ಒಮ್ಮೊಮ್ಮೆ ನಗುವೂ ಕೇಳುತ್ತಿತ್ತು. ನರ್ಸ್ ಎಂದರೆ ಸೂಜಿ, ಗುಳಿಗೆ. ಅಳಿಸುವುದು, ನಗಿಸುವುದು ಯಾವ ಡ್ಯೂಟಿಯಲ್ಲಿದೆ? ಸಿಸ್ಟರನ್ನು ಕೇಳಿಯೇಬಿಟ್ಟೆ.

"ಇದೂ ಇಲಾಜೇ ಅದರಿ, ಮದ್ದು ಕೊಟ್ಟಂಗ, ಸಾವುಕಾರ್ರ. ನಿಮಗ ಬ್ಯಾಡಾದೆ ಅಂತ ತಿಳ್ಕೊಂಡಾಳ ಆಕಿ. ಒಂದಿನಾ ಬಾಜೂಕ ಕುಂತು ಕೇಳೀರೇನು?" ಎಂದರು. ಅಂಗಡಿಗೆ ಹೊತ್ತಾಗಿತ್ತು, ಹೋದೆ.

ಪೂರ್ತಿ ಹೇಳಿಬಿಡುತ್ತೇನೆ. ಅಂಗಡಿಗೆ ಹೋಗಿ ಅರ್ಜಿ ಬರೆದೆ. ಸದರಿ ನರ್ಸ್ ಡ್ಯೂಟಿ ವೇಳೆಯಲ್ಲಿ ಹರಟೆ ಹೊಡೆಯುತ್ತಾರೆ ಎಂದು ಮೇಲಿನವರಿಗೆ ಕಳಿಸಿದೆ. ಈ ವರ್ಗಾವಣೆಯನ್ನು ಅಧ್ಯಕ್ಷರು ಈಗಷ್ಟೇ ಬಡ್ತಿ ಎಂದರು. ಬಡ್ತಿಯಲ್ಲ ಸ್ವಾಮಿ, ನನ್ನ ಅರ್ಜಿ. ಹಾರ ಹಾಕುವ ಮರ್ಯಾದೆಯನ್ನೂ ನನಗೇ ಕೊಟ್ಟಿದ್ದೀರಿ.

ಮುಂದಿನ ವಾರ ಗುರುಬಾಯಿಯನ್ನು ಸೊಲ್ಲಾಪುರಕ್ಕೆ ತಪಾಸಣೆಗೆ ಕರೆದೊಯ್ಯಬೇಕು. ಬರುವುದಿಲ್ಲ ಎನ್ನುತ್ತಾಳೆ. ಹೋಗದಿದ್ದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದಾರೆ. ನಿನ್ನೆ ಕೈಮುಗಿದೆ. "ನನ್ನ ಬ್ಯಾನಿ ಹೆಸರ ಹೇಳಾಕ ನಾಚ್ತೀರಿ. ನಿಮ್ಮ ಕೂಡ ನಾ ಎಲ್ಲಿಗಿ ಬರ್ಲಿ?" ಎಂದಳು.

ಸಭಿಕರೇ, ನನ್ನ ಹೆಂಡತಿಗೆ ಮೊಲೆಯ ಕ್ಯಾನ್ಸರ್ ಆಗಿತ್ತು. ಎಡಗಡೆಯದನ್ನು ತೆಗೆದಿದ್ದಾರೆ. ಹಲ್ಲು ಗಟ್ಟಿಯಾಗಿವೆ. ಮುಂದಿನ ಸಾಲಿನ ಹಿರಿಯರು ಕೆಮ್ಮಬೇಡಿರಿ, ಆ ಮಾತು ಬಂದಾಗಲೆಲ್ಲ ನಾನೂ ಎಂಟು ತಿಂಗಳು ಕೆಮ್ಮಿದವನೇ.

ಸರ್ವರಬೇಗಂ ಅವರೇ, ನನ್ನದು ತಪ್ಪಾಯಿತು. ಅರ್ಜಿ ವಾಪಸ್ ತಗೊಳ್ಳಲು ಹೋಗಿದ್ದೆ, ಆದೇಶ ಆಗಿಹೋಗಿದೆ ಎಂದರು. ಇಂದು ಸಂಜೆಯಿಂದ ಅವಳು ಮಲಗುವ ಹೊರಸಿನ ಬಾಜು ನಿಮ್ಮ ಜಾಗದಲ್ಲಿ ನಾನು ಕೂಡಬೇಕು. ಮದುವೆಯಾಗಿ ಇಪ್ಪತ್ತಾರು ವರ್ಷ, ತೊಗರಿ ದರ ಬಿಟ್ಟು ಅವಳ ಮುಂದೆ ಬೇರೆ ಮಾತೇ ಆಡಿಲ್ಲ. ಮೊದಲ ದಿನ ಏನಂತ ಶುರು ಮಾಡಬೇಕು? ಬಸ್ಸು ಬರುವುದರೊಳಗೆ ಒಂದು ಚೀಟಿಯಲ್ಲಿ ಬರೆದುಕೊಡಿರಿ. ಅಕ್ಷರ ದೊಡ್ಡವಿರಲಿ. ಅವಳ ಮುಂದೆ ಕೂತು ಕನ್ನಡಕ ಹುಡುಕುವಂತಾಗಬಾರದು.

ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲ ವಂದನೆಗಳು. ನಾನು ಮನೆಗೆ ಹೋಗುತ್ತೇನೆ. ನಮಸ್ಕಾರ.